ಪುಟದ ಹಿಂದಿನ ಪುಟ

ಮಕ್ಕಳೇ, ಮನೆಯಲ್ಲಿ ಕಂಪ್ಯೂಟರೋ ಲ್ಯಾಪ್‌ಟಾಪೋ ಇದ್ದರೆ ಒಂದು ಕೆಲಸ ಮಾಡಿ. ಯಾವುದಾದರೂ ಜಾಲಪುಟ ತೆರೆಯಿರಿ. ಕಂಟ್ರೋಲ್ ಎಂದು ಬರೆದಿರುವ ಕೀಲಿಯನ್ನು ಒತ್ತಿ ಹಿಡಿದು ‘ಯು’ ಅಕ್ಷರವನ್ನು ಒತ್ತಿ. ಚಿತ್ರ, ಬಣ್ಣ ಎಲ್ಲ ಮಾಯವಾಗಿ ಇಂಗ್ಲಿಷ್ ಅಕ್ಷರಗಳೂ ಚೂಪು ಗುರುತುಗಳೂ ಇರುವೆ ಸಾಲಿನಂತೆ ತುಂಬಿದ ಇನ್ನೊಂದು ಪುಟ ತೆರೆದುಕೊಳ್ಳುತ್ತದೆ. ಹೆದರಬೇಡಿ, ಏನೂ ಕೆಡುವುದಿಲ್ಲ. ಮದುವೆ ಮನೆಯಲ್ಲಿ ಊಟದ ಪಂಕ್ತಿಯಿಂದ ಎದ್ದು ಅಡುಗೆಯವರ ಚಪ್ಪರದೊಳಗೆ ಇಣುಕಿದಂತೆ, ಅಷ್ಟೆ. ನಾವು ದಿನವೂ ನೋಡುವ ಪ್ರತಿ ಪುಟದ ಹಿಂದೆಯೂ ಹೀಗೊಂದು ಪುಟ ಕುಳಿತಿರುತ್ತದೆ. ನೋಡಿಯಾದ ಮೇಲೆ ಆ ಕಿಟಕಿಯನ್ನು ಮುಚ್ಚಿಬಿಡಿ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಈಗ ನನಗೆ 74 ವರ್ಷ. ಲೆಡ್ಜರ್ ಬರೆದ ಕೈ ಇದು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಶಾಖೆಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದಾಗ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಎರಡು ತಿಂಗಳು ಅದನ್ನು ನಂಬದೆ ಕೈಯಲ್ಲೂ ಲೆಕ್ಕ ಬರೆದಿಟ್ಟ ಪೈಕಿ ನಾವು. ಇಂಥವನು ಈ ವಯಸ್ಸಿನಲ್ಲಿ ಜಾಲಪುಟ ಕಟ್ಟಲು ಕಲಿತದ್ದು ಶೋಕಿಗಲ್ಲ, ಅಕ್ಕನ ಅಡುಗೆ ಪುಸ್ತಕಕ್ಕಾಗಿ.

ಅಕ್ಕ ಇರುವುದು ಸಾಗರದ ಹತ್ತಿರದ ಹಳ್ಳಿಯಲ್ಲಿ. ಎಂಬತ್ತೊಂದು ವರ್ಷ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಸದ್ದಿಲ್ಲದೆ ಬದಿಯಿಂದ ನೋಟವನ್ನು ತಿನ್ನುತ್ತಾ ಬರುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ. ಅಕ್ಕನಿಗೆ ಈಗ ಬೆಳಕು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತದೆ. ಆದರೂ ಅಡುಗೆಮನೆ ಬಿಟ್ಟಿಲ್ಲ. ಡಬ್ಬಿಗಳನ್ನು ಮುಚ್ಚಳ ಮುಟ್ಟಿಯೇ ಗುರುತಿಸುತ್ತಾಳೆ, ಒಗ್ಗರಣೆಯನ್ನು ಸದ್ದಿನಲ್ಲೇ ಅಳೆಯುತ್ತಾಳೆ. ತಂಬುಳಿ, ಗೊಜ್ಜು, ಸಾರು ಇವಕ್ಕೆಲ್ಲ ಪುಸ್ತಕ ಬೇಡ. ಬೇಕಾಗುವುದು ವರ್ಷಕ್ಕೊಂದೇ ಸಲ ಮಾಡುವ ಅಡುಗೆಗಳಿಗೆ. ಅದರಲ್ಲೂ ಅಪ್ಪೆಮಿಡಿ ಉಪ್ಪಿನಕಾಯಿಗೆ. ಮಿಡಿ ಸಿಗುವುದು ಬೇಸಗೆಯ ಕೆಲವೇ ವಾರ. ಉಪ್ಪಿನ ಅಳತೆ ತಪ್ಪಿದರೆ ಭರಣಿಗೆ ಭರಣಿಯೇ ಹಾಳು, ಇನ್ನು ಮುಂದಿನ ವರ್ಷವೇ ಗತಿ. ಆ ಅಳತೆ ಇರುವುದು ಅಕ್ಕ ಮದುವೆಯಾದ ಹೊಸದರಲ್ಲಿ ಬರೆಯಲು ತೊಡಗಿದ ಒಂದು ಹಳೆಯ ಡೈರಿಯಲ್ಲಿ. ಶಾಯಿ ಕಂದಿದೆ. ಕಣ್ಣಿದ್ದವರಿಗೇ ಓದುವುದು ಕಷ್ಟ.

ಓದಿ ಹೇಳುವವರು ಮನೆಯಲ್ಲಿ ಇಲ್ಲವೆ? ಇದ್ದಾರೆ. ಮಗ, ಸೊಸೆ ಇಬ್ಬರೂ ಒಳ್ಳೆಯವರೇ. ಆದರೆ ಪ್ರತಿ ಸಾಲಿಗೂ “ಸ್ವಲ್ಪ ಓದಿ ಹೇಳೇ” ಎಂದು ತೋಟದಿಂದ ದಣಿದು ಬಂದ ಸೊಸೆಯನ್ನು ಕರೆಯುವುದು ಅಕ್ಕನಿಂದ ಆಗದ ಮಾತು. ಎರಡು ವರ್ಷ ಅವಳು ಮಿಡಿ ಹಾಕಲೇ ಇಲ್ಲ. “ಈಗ ಯಾರು ತಿನ್ನುತ್ತಾರೆ ಬಿಡು” ಎಂದಳು. ಅಕ್ಕನ ಬಾಯಲ್ಲಿ ಆ ಮಾತು ಬಂದದ್ದು ನನಗೆ ಸರಿಬೀಳಲಿಲ್ಲ.

ಅವಳ ಮಗ ಒಂದು ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶ ಹಾಕಿಕೊಟ್ಟಿದ್ದ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಇದನ್ನು ಬರೆಯಲು ಆರಂಭಿಸಿದರು, ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣಿಸುವುದಿಲ್ಲ. ಇಂಥ ತಂತ್ರಾಂಶಗಳಿಗೆ ಆಗ ಸಾಮಾನ್ಯರ ಕೈಗೆ ಎಟುಕದ ಬೆಲೆ ಇತ್ತು. ಇವರು ತಮ್ಮದನ್ನು ಉಚಿತವಾಗಿ ಕೊಟ್ಟರು, ಇಂದಿಗೂ ಉಚಿತ. ಅಕ್ಕ ಅದರಲ್ಲಿ ಸುದ್ದಿ ಕೇಳುವುದನ್ನು ಕಲಿತಿದ್ದಳು. ಡೈರಿಯನ್ನೇ ಒಂದು ಜಾಲಪುಟವಾಗಿ ಮಾಡಿದರೆ ಅವಳೇ ಕೇಳಿಕೊಂಡು ಅಡುಗೆ ಮಾಡಬಹುದಲ್ಲ ಎಂದು ಹೊಳೆದದ್ದು ನನ್ನ ಮೊಮ್ಮಗಳಿಗೆ. ಅವಳು ಎಂಟನೇ ತರಗತಿ.

ಒಂದು ಗಂಟೆಯ ಚಂದದ ಪುಟ

ಮೊಮ್ಮಗಳಿಗೆ ಶಾಲೆಯ ಪ್ರಾಜೆಕ್ಟಿನಿಂದ ಒಂದು ದೃಶ್ಯ ಸಂಪಾದಕ ಗೊತ್ತಿತ್ತು. ಹೆಸರು ಬೇಡ, ಅಂಥವು ಹತ್ತಾರಿವೆ. ಅದರಲ್ಲಿ ಕೋಡ್ ಬರೆಯುವ ಗೊಡವೆ ಇಲ್ಲ. ಸಿದ್ಧ ಮಾದರಿಗಳಿರುತ್ತವೆ, ಒಂದನ್ನು ಆರಿಸಿಕೊಂಡು ಚಿತ್ರವನ್ನು ಇಲಿಯಿಂದ ಹಿಡಿದೆಳೆದು ಇಟ್ಟರಾಯಿತು, ಅಕ್ಷರ ದೊಡ್ಡದು ಮಾಡಬೇಕೆಂದರೆ ದೊಡ್ಡದು ಮಾಡಿದರಾಯಿತು. ಪರದೆಯ ಮೇಲೆ ಹೇಗೆ ಕಾಣುತ್ತದೋ ಕೊನೆಗೂ ಹಾಗೆಯೇ ಬರುತ್ತದೆ. ಗೋಡೆಗೆ ದೇವರ ಪಟ ನೇತುಹಾಕುವಾಗ ‘ಸ್ವಲ್ಪ ಎಡಕ್ಕೆ, ಇನ್ನೂ ಮೇಲಕ್ಕೆ’ ಎನ್ನುತ್ತೇವಲ್ಲ, ಅದೇ ಕೆಲಸ. ಒಂದೇ ಗಂಟೆಯಲ್ಲಿ ಐದು ಅಡುಗೆಗಳ ಪುಟ ಸಿದ್ಧವಾಯಿತು. ಹಿತ್ತಾಳೆ ಪಾತ್ರೆಯ ಚಿತ್ರ, ಬಾಳೆಲೆಯ ಹಸಿರು ಅಂಚು, ಅಡುಗೆಗಳ ಹೆಸರು ಡೊಂಕು ಡೊಂಕಾದ ಸುಂದರ ಕನ್ನಡ ಅಕ್ಷರಗಳಲ್ಲಿ. ನಾನು ಬೀದಿಯವರಿಗೆಲ್ಲ ತೋರಿಸಿದೆ.

ಭಾನುವಾರ ಸಾಗರಕ್ಕೆ ಹೋಗಿ ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ತೆರೆದೆವು. ಎನ್‌ವಿಡಿಎ ಓದಲು ಶುರುಮಾಡಿತು. “ಗ್ರಾಫಿಕ್... ಗ್ರಾಫಿಕ್... ಗ್ರಾಫಿಕ್...” ಆ ಸುಂದರ ಅಕ್ಷರಗಳನ್ನು ಆ ಸಂಪಾದಕವು ಅಕ್ಷರಗಳಾಗಿ ಇಟ್ಟುಕೊಂಡೇ ಇರಲಿಲ್ಲ, ಚಿತ್ರವಾಗಿ ಮಾಡಿ ಅಂಟಿಸಿತ್ತು. ಚಿತ್ರದೊಳಗಿನ ಅಕ್ಷರ ಯಂತ್ರಕ್ಕೆ ಅಕ್ಷರವಲ್ಲ. ಇನ್ನು ಕೆಳಗಿನ ವಿವರಗಳನ್ನು ಅದು ಇಂಗ್ಲಿಷ್ ದನಿಯಲ್ಲೇ ಓದಲು ಹೋಗಿ ಮುಗ್ಗರಿಸಿತು. ಅಕ್ಕ ಅಭ್ಯಾಸಬಲದಿಂದ ‘ಎಚ್’ ಕೀಲಿ ಒತ್ತಿದಳು. ಎನ್‌ವಿಡಿಎಯಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹಾರುತ್ತದೆ, ಅಂದರೆ ನಾವು ಪತ್ರಿಕೆಯ ತಲೆಬರಹಗಳ ಮೇಲೆ ಕಣ್ಣಾಡಿಸುವಂತೆ. ಯಂತ್ರ ಹೇಳಿತು, ಮುಂದೆ ಶೀರ್ಷಿಕೆ ಇಲ್ಲ ಎಂದು. ಕಣ್ಣಿಗೆ ಐದು ಶೀರ್ಷಿಕೆಗಳು ಎದ್ದು ಕಾಣುತ್ತಿದ್ದವು!

ಅಕ್ಕ ನಕ್ಕಳು. “ಮನೆ ಚಂದ ಕಟ್ಟಿದ್ದೀರಿ ಅಂತ ಕಾಣುತ್ತೆ ಮಾರಾಯ, ಬಾಗಿಲು ಮಾತ್ರ ಇಡಲಿಲ್ಲ.”

ವಾಪಸ್ ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಮುಖ ಊದಿಸಿಕೊಂಡಿದ್ದಳು. ಆನಂದಪುರ ದಾಟಿದ ಮೇಲೆ “ತಾತ, ಕೋಡ್ ಕಲಿಯೋಣವಾ?” ಎಂದಳು.

ಡೆಬಿಟ್ಟಿಗೊಂದು ಕ್ರೆಡಿಟ್ಟು

ಜಾಲಪುಟ ಬರೆಯುವ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. ಇದನ್ನು ಬರೆಯಲು ದುಬಾರಿ ತಂತ್ರಾಂಶ ಬೇಕಿಲ್ಲ, ವಿಂಡೋಸ್‌ ಜೊತೆಗೇ ಬರುವ ನೋಟ್‌ಪ್ಯಾಡ್ ಸಾಕು. ಬರೆದದ್ದನ್ನು ಕಡತವಾಗಿ ಉಳಿಸುವಾಗ ಹೆಸರಿನ ಕೊನೆಗೆ ಒಂದು ಚುಕ್ಕಿ ಇಟ್ಟು ಎಚ್‌ಟಿಎಂಎಲ್ ಎಂದು ಇಂಗ್ಲಿಷಿನಲ್ಲಿ ಸೇರಿಸಬೇಕು, ಆಮೇಲೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಇಂಟರ್ನೆಟ್ ಕೂಡ ಬೇಡ. ಜಾಲಪುಟ ಎಂದರೆ ನೆಟ್‌ವರ್ಕ್ ಇರಲೇಬೇಕು ಎಂದು ನಾನೂ ತಿಳಿದಿದ್ದೆ. ಮಳೆಗಾಲದಲ್ಲಿ ವಾರಗಟ್ಟಲೆ ಸಿಗ್ನಲ್ ಕಾಣದ ಅಕ್ಕನ ಮನೆಗೆ ಇದು ದೊಡ್ಡ ಅನುಕೂಲ. ಪೆನ್‌ಡ್ರೈವ್‌ನಲ್ಲಿ ಒಯ್ದು ಅವಳ ಲ್ಯಾಪ್‌ಟಾಪ್‌ಗೆ ಹಾಕಿದರೆ ಮುಗಿಯಿತು.

ಗಣಿತದಲ್ಲಿ ‘ಗಿಂತ ಚಿಕ್ಕದು’, ‘ಗಿಂತ ದೊಡ್ಡದು’ ಎನ್ನಲು ಬಳಸುವ ಎರಡು ಚೂಪು ಗುರುತುಗಳು ನಿಮಗೆ ಗೊತ್ತಲ್ಲ? ಅವೆರಡರ ನಡುವೆ ಒಂದು ಚಿಕ್ಕ ಇಂಗ್ಲಿಷ್ ಪದ ಇಟ್ಟರೆ ಅದು ಟ್ಯಾಗ್. ‘ಪಿ’ ಎಂಬ ಟ್ಯಾಗ್ ‘ಇಲ್ಲಿಂದ ಒಂದು ಪ್ಯಾರಾ ಶುರು’ ಎನ್ನುತ್ತದೆ. ಪ್ಯಾರಾ ಮುಗಿದಲ್ಲಿ ಅದೇ ಟ್ಯಾಗನ್ನು ಒಂದು ಓರೆಗೆರೆ ಸೇರಿಸಿ ಮತ್ತೆ ಬರೆಯಬೇಕು, ‘ಮುಗಿಯಿತು’ ಎಂದು ಹೇಳಲು. ತೆರೆಯುವುದೊಂದು, ಮುಚ್ಚುವುದೊಂದು. ಮೊಮ್ಮಗಳು ಇದನ್ನು ವಿವರಿಸಿದಾಗ ನನಗೆ ನಗು ಬಂತು. ಇದಕ್ಕೇ ಅಲ್ಲವೆ ನಾವು ಜೀವಮಾನವಿಡೀ ಡೆಬಿಟ್ ಕ್ರೆಡಿಟ್ ಎಂದದ್ದು!

ಒಂದು ಟ್ಯಾಗ್‌ನ ಒಳಗೆ ಇನ್ನೊಂದು ಬಂದಾಗ ಮುಚ್ಚುವ ಕ್ರಮ ಮುಖ್ಯ. ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚಬೇಕು. ಬ್ಯಾಂಕಿನ ಸ್ಟ್ರಾಂಗ್‌ರೂಮ್ ನೆನಪಿಸಿಕೊಳ್ಳಿ. ಮೊದಲು ಕಬ್ಬಿಣದ ಗ್ರಿಲ್ ತೆರೆದು, ಆಮೇಲೆ ದಪ್ಪ ಬಾಗಿಲು, ಆಮೇಲೆ ತಿಜೋರಿ. ಸಂಜೆ ಮುಚ್ಚುವಾಗ ತಿಜೋರಿ ಮೊದಲು, ಗ್ರಿಲ್ ಕೊನೆಗೆ. ಬೇರೆ ದಾರಿಯೇ ಇಲ್ಲ. ಚಿತ್ರ ಹಾಕುವ ‘ಇಮ್ಜಿ’, ಸಾಲು ಮುರಿಯುವ ‘ಬಿಆರ್’ ಇಂಥ ಕೆಲವಕ್ಕೆ ಮಾತ್ರ ಮುಚ್ಚುವ ಟ್ಯಾಗ್ ಇಲ್ಲ.

ಮುಚ್ಚಲು ಮರೆತರೆ? ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಮನೆಗೆ ಹೋಗುವಂತಿರಲಿಲ್ಲ. ಬ್ರೌಸರ್ ಅಷ್ಟು ಖಡಕ್ ಅಲ್ಲ. ತಪ್ಪಿದ್ದರೂ ಪುಟವನ್ನು ತಿರಸ್ಕರಿಸುವುದಿಲ್ಲ, ಊಹಿಸಿಕೊಂಡು ಏನೋ ಒಂದು ತೋರಿಸುತ್ತದೆ. ದಪ್ಪಕ್ಷರದ ‘ಬಿ’ ಟ್ಯಾಗನ್ನು ಮುಚ್ಚದೆ ಬಿಟ್ಟು ನೋಡಿ, ಮುಂದಿನದೆಲ್ಲ ದಪ್ಪಕ್ಷರವಾಗುತ್ತದೆ. ಈ ಔದಾರ್ಯ ಗುಮಾಸ್ತನಾದ ನನಗೆ ಇಂದಿಗೂ ಒಗ್ಗಿಲ್ಲ. ತಪ್ಪನ್ನು ಕಂಡೂ ಕಾಣದಂತಿರುವ ಮ್ಯಾನೇಜರನ ಕೈಕೆಳಗೆ ಕೆಲಸ ಮಾಡಿದಂತಾಗುತ್ತದೆ.

ಈಗ ಶೀರ್ಷಿಕೆಯ ವಿಷಯ. ಎಚ್‌1ರಿಂದ ಎಚ್‌6ರವರೆಗೆ ಆರು ಮಟ್ಟದ ಶೀರ್ಷಿಕೆಗಳಿವೆ. ಇಡೀ ಪುಟದ ಹೆಸರಿಗೆ ಎಚ್‌1, ಪ್ರತಿ ಅಡುಗೆಗೆ ಎಚ್‌2, ಅದರೊಳಗೆ ‘ಬೇಕಾಗುವ ಸಾಮಾನು’, ‘ಮಾಡುವ ಬಗೆ’ ಇವಕ್ಕೆ ಎಚ್‌3. ಅಕ್ಷರವನ್ನು ಸುಮ್ಮನೆ ದಪ್ಪ, ದೊಡ್ಡದು ಮಾಡಿದರೂ ಕಣ್ಣಿಗೆ ಶೀರ್ಷಿಕೆಯಂತೆಯೇ ಕಾಣುತ್ತದೆ, ಆದರೆ ಒಳಗೆ ಅದು ಬರೀ ದೊಡ್ಡ ಅಕ್ಷರ. ಅಕ್ಕನ ಯಂತ್ರ ನೋಡುವುದು ಒಳಗಿನ ಪುಟವನ್ನು. ಅಲ್ಲಿ ಎಚ್‌2 ಎಂದು ಬರೆದಿದ್ದರಷ್ಟೇ ಅದಕ್ಕೆ ಶೀರ್ಷಿಕೆ. ನಮ್ಮ ಮೊದಲ ಪುಟದ ಹಿಂದಿನ ಪುಟವನ್ನು ತೆರೆದು ನೋಡಿದಾಗ ಒಂದೇ ಒಂದು ಎಚ್ ಟ್ಯಾಗ್ ಕೂಡ ಇರಲಿಲ್ಲ. ನೂರಾರು ಸಾಲುಗಳಲ್ಲಿ ಡಬ್ಬದೊಳಗೆ ಡಬ್ಬ, ಡಬ್ಬದೊಳಗೆ ಡಬ್ಬ, ಕೊನೆಯ ಡಬ್ಬದಲ್ಲಿ ‘ಪತ್ರೊಡೆ’ಯ ಚಿತ್ರ. ಭಾಷೆ ಯಾವುದೆಂದು ಹೇಳುವ ಜಾಗದಲ್ಲಿ ‘ಇಎನ್’ ಎಂದಿತ್ತು, ಅಂದರೆ ಇಂಗ್ಲಿಷ್. ಅದನ್ನು ‘ಕೆಎನ್’ ಎಂದು ಮಾಡಬೇಕು. ಎರಡಕ್ಷರ, ಅಷ್ಟೆ. ಅದರಿಂದ ಓದುವ ಯಂತ್ರಕ್ಕೆ ಕನ್ನಡದ ದನಿ ತೆಗೆದುಕೊಳ್ಳಬೇಕೆಂದು ತಿಳಿಯುತ್ತದೆ.

‘ಅ’ ಎಂಬ ಖಾತೆದಾರ

ಕನ್ನಡದ ಬಗ್ಗೆ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ನನ್ನ ವಯಸ್ಸಿನವರಿಗೆ ನೆನಪಿರಬಹುದು, ಹಿಂದೆ ಒಂದು ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿ ಕಳಿಸಿದರೆ ಆ ಫಾಂಟ್ ಇಲ್ಲದ ಇನ್ನೊಂದರಲ್ಲಿ ಬರೀ ಗೋಜಲು ಕಾಣುತ್ತಿತ್ತು. ಯಾಕೆಂದರೆ ಪ್ರತಿಯೊಬ್ಬರೂ ತಮಗೆ ತೋಚಿದ ಅಂಕಿಯನ್ನು ಅಕ್ಷರಗಳಿಗೆ ಕೊಟ್ಟುಕೊಂಡಿದ್ದರು. ಯುನಿಕೋಡ್ ಎಂಬ ಏರ್ಪಾಟು ಜಗತ್ತಿನ ಲಿಪಿಗಳಿಗೆಲ್ಲ ಒಂದೇ ರಿಜಿಸ್ಟರ್ ಮಾಡಿತು. ಕನ್ನಡ ಅದರ 1991ರ ಮೊದಲ ಆವೃತ್ತಿಯಲ್ಲೇ ಇದೆ. ನಮ್ಮ ಲಿಪಿಗೆ ಮೀಸಲಿಟ್ಟದ್ದು 128 ಜಾಗ. ‘ಅ’ ಅಕ್ಷರದ ಖಾತೆ ಸಂಖ್ಯೆ 3205, ‘ಕ’ 3221, ‘ಖ’ 3222, ‘ಗ’ 3223. ಶಿವಮೊಗ್ಗದಲ್ಲೂ ಅದೇ, ಷಿಕಾಗೋದಲ್ಲೂ ಅದೇ. ಎಲ್ಲ ಶಾಖೆಗಳಲ್ಲೂ ಒಂದೇ ಖಾತೆ ಸಂಖ್ಯೆ ನಡೆಯುವ ಕೋರ್ ಬ್ಯಾಂಕಿಂಗ್ ಅಂದುಕೊಳ್ಳಿ.

ಈ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಒಂದು ಕ್ರಮಕ್ಕೆ ಯುಟಿಎಫ್-8 ಎಂದು ಹೆಸರು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬ ಇಬ್ಬರು 1992ರಲ್ಲಿ ಇದನ್ನು ರೂಪಿಸಿದರು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಸಂಕೇತ ಹೇಳಿ? ಕ, ನ, ವಿರಾಮ ಚಿಹ್ನೆ, ಇನ್ನೊಂದು ನ, ಡ. ಒಟ್ಟು ಐದು. ಹಾಗಾಗಿ ಹದಿನೈದು ಬೈಟ್. ಪುಟದ ತಲೆಭಾಗದಲ್ಲಿ ‘ಇದು ಯುಟಿಎಫ್-8’ ಎಂದು ಒಂದು ಸಾಲು ಬರೆದಿಡಬೇಕು. ಮೊಮ್ಮಗಳು ನನಗೆ ತೋರಿಸಲೆಂದೇ ಆ ಸಾಲನ್ನು ಅಳಿಸಿದಳು. ಅಪ್ಪೆಮಿಡಿ ಎಂದಿದ್ದ ಕಡೆಯೆಲ್ಲ ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ‘ಎ’ಗಳ ಮೆರವಣಿಗೆ! ಪ್ರತಿಯೊಂದರ ಹೆಗಲ ಮೇಲೂ ಪುಟಾಣಿ 2 ಅಥವಾ 3. ಬ್ರೌಸರ್ ಮೂರು ಬೈಟ್‌ಗಳನ್ನು ಒಂದು ಅಕ್ಷರವಾಗಿ ಓದುವ ಬದಲು ಮೂರು ಬೇರೆ ಬೇರೆ ಅಕ್ಷರಗಳೆಂದು ಓದಿತ್ತು. ಹಳೆಯ ಮಿಂಚಂಚೆಗಳಲ್ಲಿ ನೀವು ಇಂಥ ಮೆರವಣಿಗೆ ಕಂಡಿದ್ದರೆ ಕಾರಣ ಇದೇ ಇರಬೇಕು.

ಬರೆಯುವುದೂ ಓದುವುದೂ ಒಂದೇ ಕಡೆ

ಇಷ್ಟೆಲ್ಲ ಯಾರ ತಲೆಯಿಂದ ಬಂತು? ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲೆಂಡಿನ ತಂತ್ರಜ್ಞ ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನದ ಪ್ರಯೋಗಾಲಯದಲ್ಲಿದ್ದರು. ಅಲ್ಲಿಗೆ ಬಂದು ಹೋಗುವ ಸಾವಿರಾರು ವಿಜ್ಞಾನಿಗಳ ಕಾಗದಪತ್ರಗಳನ್ನು ಒಂದಕ್ಕೊಂದು ಜೋಡಿಸುವ ಯೋಜನೆಯೊಂದನ್ನು 1989ರ ಮಾರ್ಚ್‌ನಲ್ಲಿ ಬರೆದುಕೊಟ್ಟರು. ಅವರ ಮೇಲಧಿಕಾರಿ ಮೈಕ್ ಸೆಂಡಾಲ್ ಅದರ ಮೇಲೆ ಬರೆದ ಷರಾ, ‘ಅಸ್ಪಷ್ಟ, ಆದರೆ ರೋಮಾಂಚಕ’ ಎಂದು. ನಮ್ಮಲ್ಲಿ ‘ಅಸ್ಪಷ್ಟ’ ಎಂದಷ್ಟೇ ಬರೆದು ವಾಪಸ್ ಕಳಿಸುತ್ತಿದ್ದರು. 1990ರ ಕೊನೆಗೆ ಮೊದಲ ಜಾಲಪುಟ ಸಿದ್ಧ. ಅದಿದ್ದ ಕಂಪ್ಯೂಟರಿನ ಮೇಲೆ ಯಾರೂ ಸ್ವಿಚ್ ಆರಿಸಬಾರದೆಂದು ಕೆಂಪು ಶಾಯಿಯಲ್ಲಿ ಚೀಟಿ ಬರೆದು ಅಂಟಿಸಿದ್ದರು, ಯಾಕೆಂದರೆ ಆಗ ಇಡೀ ವೆಬ್ ಇದ್ದದ್ದು ಅದೊಂದರಲ್ಲೇ.

ನನಗೆ ಬಹಳ ಇಷ್ಟವಾದ ವಿಷಯ ಇನ್ನೊಂದು. ಬರ್ನರ್ಸ್-ಲೀ ಬರೆದ ಆ ಮೊದಲ ಬ್ರೌಸರ್ ಓದಲು ಮಾತ್ರ ಇದ್ದದ್ದಲ್ಲ, ಅದರಲ್ಲೇ ಪುಟಗಳನ್ನು ಬರೆಯಲೂ ತಿದ್ದಲೂ ಬರುತ್ತಿತ್ತು. ಟ್ಯಾಗ್‌ಗಳನ್ನು ಕೈಯಲ್ಲಿ ಬರೆಯಬೇಕೆಂದು ಅವರೂ ಬಯಸಿರಲಿಲ್ಲ. ಅಂದರೆ ದೃಶ್ಯ ಸಂಪಾದಕ ಆಮೇಲೆ ಬಂದ ಸುಖವಲ್ಲ, ಹುಟ್ಟುವಾಗಲೇ ಜೊತೆಗಿತ್ತು. ಆದರೆ ಅದು ಓಡುತ್ತಿದ್ದದ್ದು ನೆಕ್ಸ್ಟ್ ಎಂಬ ದುಬಾರಿ ಕಂಪ್ಯೂಟರಿನಲ್ಲಿ. 1993ರಲ್ಲಿ ಮನೆಮಾತಾದ ಮೊಸಾಯಿಕ್ ಬ್ರೌಸರ್ ಓದಲು ಚೆನ್ನಾಗಿತ್ತು, ಬರೆಯುವ ಸೌಕರ್ಯ ಅದರಲ್ಲಿರಲಿಲ್ಲ. ಹಾಗೆ ಓದುವವರು ಒಂದು ಕಡೆ, ಕೋಡ್ ಬರೆಯುವವರು ಇನ್ನೊಂದು ಕಡೆ ಆದರು. ಅವರನ್ನು ಮತ್ತೆ ಹತ್ತಿರ ತರಲು ಫ್ರಂಟ್‌ಪೇಜ್ ಬಂತು, ಅದನ್ನು 1996ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. 1997ರಲ್ಲಿ ಡ್ರೀಮ್‌ವೀವರ್ ಬಂತು, 2003ರಲ್ಲಿ ವರ್ಡ್‌ಪ್ರೆಸ್. ವರ್ಡ್‌ಪ್ರೆಸ್‌ಗೆ 2018ರಲ್ಲಿ ಸೇರಿಸಿದ ಹೊಸ ದೃಶ್ಯ ಸಂಪಾದಕಕ್ಕೆ ಗುಟೆನ್‌ಬರ್ಗ್ ಎಂದು ಹೆಸರಿಟ್ಟಿದ್ದಾರೆ, ಅಚ್ಚುಮೊಳೆಯ ಗುಟೆನ್‌ಬರ್ಗ್‌ನ ನೆನಪಿಗೆ.

ಹಣದ ಮಾತೂ ಇದೆ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ವೆಬ್‌ನ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಬರೆದುಕೊಟ್ಟಿತು. ಒಂದು ಟ್ಯಾಗ್‌ಗೆ ಒಂದು ಪೈಸೆಯಂತೆ ವಸೂಲಿ ಮಾಡಿದ್ದರೆ ಎಷ್ಟಾಗುತ್ತಿತ್ತೆಂದು ಲೆಕ್ಕ ಹಾಕಲು ಕುಳಿತು, ಸೊನ್ನೆಗಳು ಹೆಚ್ಚಾಗಿ ಕೈಬಿಟ್ಟೆ.

ಅಲಂಕಾರದ ಖಾತೆ ಬೇರೆ

ಕೋಡ್‌ನಲ್ಲಿ ಬರೆದ ನಮ್ಮ ಮೊದಲ ಪುಟ ನೋಡಲು ಸಪ್ಪೆ. ಬಿಳಿಯ ಮೇಲೆ ಕಪ್ಪು, ಎಲ್ಲವೂ ಎಡಕ್ಕೆ ಅಂಟಿಕೊಂಡಿತ್ತು. ಅಲಂಕಾರಕ್ಕೆ ಸಿಎಸ್‌ಎಸ್ ಎಂಬ ಇನ್ನೊಂದು ಭಾಷೆ ಇದೆ. ನಾರ್ವೆಯ ಹೋಕನ್ ವಿಯಮ್ ಲೀ 1994ರಲ್ಲಿ ಇದರ ಸಲಹೆ ಮುಂದಿಟ್ಟರು. ಏನಿದೆ ಎಂಬುದನ್ನು ಎಚ್‌ಟಿಎಂಎಲ್ ಹೇಳುತ್ತದೆ, ಹೇಗೆ ಕಾಣಬೇಕು ಎಂಬುದನ್ನು ಸಿಎಸ್‌ಎಸ್ ಹೇಳುತ್ತದೆ. ‘ಎಲ್ಲ ಎಚ್‌2ಗಳೂ ಹಸಿರು’ ಎಂದು ಒಂದೇ ಕಡೆ ಬರೆದರೆ ಇಪ್ಪತ್ತಮೂರು ಅಡುಗೆಗಳ ಹೆಸರೂ ಒಟ್ಟಿಗೆ ಹಸಿರಾಗುತ್ತವೆ. ಬಣ್ಣವನ್ನು ಕೆಂಪು, ಹಸಿರು, ನೀಲಿಗಳ ಪ್ರಮಾಣದಲ್ಲಿ ಹೇಳಬೇಕು, ಒಂದೊಂದಕ್ಕೂ ಸೊನ್ನೆಯಿಂದ 255ರವರೆಗೆ. 256ನ್ನು ಮೂರು ಸಲ ಗುಣಿಸಿ ನೋಡಿ ಮಕ್ಕಳೇ, 1,67,77,216 ಬಣ್ಣ. ಮೊಮ್ಮಗಳಿಗೆ ಬೇಕಾದ ಬಾಳೆಲೆಯ ಹಸಿರು ಅದರಲ್ಲಿ ಸಿಗಲು ಒಂದು ಸಂಜೆ ಹಿಡಿಯಿತು.

ನನ್ನ ಆಸೆ ಒಂದೇ ಇತ್ತು, ಅಕ್ಷರ ದೊಡ್ಡದಿರಲಿ, ಕಪ್ಪಗಿರಲಿ. ಈಗಿನ ಪುಟಗಳಲ್ಲಿ ಬಿಳಿಯ ಮೇಲೆ ತೆಳು ಬೂದು ಅಕ್ಷರ ಹಾಕುವ ಫ್ಯಾಷನ್ ನೋಡಿದರೆ ಸಿಟ್ಟು ಬರುತ್ತದೆ. ಅದಕ್ಕೂ ಒಂದು ನಿಯಮ ಇದೆಯೆಂದು ತಿಳಿದು ಖುಷಿಯಾಯಿತು. ಎಲ್ಲರಿಗೂ ಓದಲು ಬರುವಂಥ ಪುಟಗಳಿಗೆ ಇರುವ ಅಂತರರಾಷ್ಟ್ರೀಯ ಸೂಚಿಗಳ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ಬಿಳಿಯ ಮೇಲಿನ ಅಪ್ಪಟ ಕಪ್ಪಿಗೆ ಅದು 21ಕ್ಕೆ 1. ಅಜ್ಜ ಅಜ್ಜಿಯರೇ, ಇನ್ನು ಮುಂದೆ ಯಾವುದಾದರೂ ಪುಟ ಓದಲಾಗದಿದ್ದರೆ ಕನ್ನಡಕವನ್ನಷ್ಟೇ ಬೈಯಬೇಡಿ.

ಟೈಪ್ ಮಾಡುವುದೇ ದೊಡ್ಡ ಕೆಲಸ. ಮೊಮ್ಮಗಳು ಭೂತಗನ್ನಡಿ ಹಿಡಿದು ಡೈರಿ ಓದುತ್ತಿದ್ದಳು, ನಾನು ಬರೆಯುತ್ತಿದ್ದೆ. ಅಕ್ಕ ಹಲವೆಡೆ ‘ಉ’ ಎಂದರೆ ಉಪ್ಪು, ‘ಮೆ’ ಎಂದರೆ ಮೆಣಸು ಎಂದು ಬರೆದುಕೊಂಡಿದ್ದಾಳೆ, ಅದನ್ನೆಲ್ಲ ಬಿಡಿಸಿ ಪೂರ್ತಿ ಬರೆದೆವು. ಪಾವು, ಸೇರುಗಳನ್ನು ಹಾಗೆಯೇ ಬಿಟ್ಟೆವು, ಅವಳ ಬಳಿ ಆ ಅಳತೆಯ ಪಾತ್ರೆಗಳೇ ಇವೆ. ಸಾಮಾನುಗಳಿಗೆ ಚುಕ್ಕಿಯ ಪಟ್ಟಿ, ಮಾಡುವ ಬಗೆಗೆ ಸಂಖ್ಯೆಯ ಪಟ್ಟಿ. ಎಚ್‌ಟಿಎಂಎಲ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಟ್ಯಾಗ್ ಇವೆ, ಯುಎಲ್ ಮತ್ತು ಓಎಲ್ ಎಂದು. ಸಂಖ್ಯೆ ನಾವು ಹಾಕಬೇಕಿಲ್ಲ, ನಡುವೆ ಒಂದು ಹೆಜ್ಜೆ ಸೇರಿಸಿದರೆ ಮುಂದಿನವೆಲ್ಲ ತಾವೇ ಸರಿದುಕೊಳ್ಳುತ್ತವೆ. ಲೆಡ್ಜರಿನಲ್ಲಿ ಹೀಗಿದ್ದಿದ್ದರೆ!

ಚಿತ್ರ ಬೇಡವೆಂದು ನಾನು. ಕಾಣದವರಿಗೆ ಚಿತ್ರವೇಕೆ? ಬೇಕೆಂದು ಮೊಮ್ಮಗಳು. ‘ಆಲ್ಟ್’ ಎಂಬುದೊಂದಿದೆ, ಚಿತ್ರದ ಟ್ಯಾಗ್‌ನೊಳಗೇ ಆ ಚಿತ್ರದಲ್ಲಿ ಏನಿದೆಯೆಂದು ಮಾತಿನಲ್ಲಿ ಬರೆಯುವ ಜಾಗ. ಕಾಣುವವರಿಗೆ ಚಿತ್ರ, ಕೇಳುವವರಿಗೆ ಆ ಮಾತು. ಡೈರಿಯ ಅಪ್ಪೆಮಿಡಿ ಪುಟದ ಫೋಟೋ ತೆಗೆದು ಹಾಕಿ ಆಲ್ಟ್‌ನಲ್ಲಿ ತಾನೇ ಏನೋ ಬರೆದಳು. ನಾನು ನೋಡಲು ಹೋಗಲಿಲ್ಲ.

ದೃಶ್ಯ ಸಂಪಾದಕಗಳನ್ನು ಹಳಿಯಲು ನಾನು ಇದನ್ನೆಲ್ಲ ಹೇಳುತ್ತಿಲ್ಲ. ಕೋಡ್ ಸ್ವಲ್ಪ ತಿಳಿದ ಮೇಲೆ ನಾವು ಮತ್ತೆ ಬೇರೊಂದು ದೃಶ್ಯ ಸಂಪಾದಕಕ್ಕೆ ಹೋದೆವು, ವಿದೇಶದಲ್ಲಿರುವ ಸೋದರಳಿಯಂದಿರಿಗಾಗಿ ಇನ್ನೊಂದು ಪ್ರತಿ ಮಾಡಲು. ಈ ಸಲ ಎಲ್ಲಿ ಕೈ ಹಾಕಬೇಕೆಂದು ಗೊತ್ತಿತ್ತು. ಅಲ್ಲಿಯೂ ‘ಹೆಡಿಂಗ್’ ಎಂಬ ಆಯ್ಕೆ ಇರುತ್ತದೆ, ಅಕ್ಷರ ದಪ್ಪ ಮಾಡುವ ಬದಲು ಅದನ್ನು ಆರಿಸಿದರೆ ಒಳಗೆ ಸರಿಯಾದ ಎಚ್‌2 ಕೂರುತ್ತದೆ. ಚಿತ್ರ ಹಾಕಿದಾಗ ಪಕ್ಕದಲ್ಲಿ ಆಲ್ಟ್‌ಗೆಂದು ಒಂದು ಪೆಟ್ಟಿಗೆ ಖಾಲಿ ಬಿದ್ದಿರುತ್ತದೆ, ಯಾರೂ ತುಂಬುವುದಿಲ್ಲ ಅಷ್ಟೆ. ಅರ್ಜಿ ನಮೂನೆಯಲ್ಲಿ ನಾಮಿನಿಯ ಜಾಗವನ್ನು ಖಾಲಿ ಬಿಟ್ಟು ಹೋಗುವ ಗ್ರಾಹಕರ ಹಾಗೆ.

ಎಚ್ ಒತ್ತಿದಾಗ

ಮಾರ್ಚ್‌ನ ಎರಡನೇ ಶನಿವಾರ ಪೆನ್‌ಡ್ರೈವ್ ಹಿಡಿದು ಮತ್ತೆ ಸಾಗರಕ್ಕೆ ಹೋದೆವು. ಪುಟ ತೆರೆಯಿತು. ಅಕ್ಕ ಎಚ್ ಒತ್ತಿದಳು. “ಹೆಡಿಂಗ್ ಲೆವೆಲ್ ಒನ್” ಎಂದು ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಪುಟದ ಹೆಸರು. ಮತ್ತೆ ಎಚ್. ಹಲಸಿನಕಾಯಿ ಹುಳಿ. ಸಂಖ್ಯೆ 2 ಒತ್ತಿದರೆ ಎಚ್‌2ಗಳನ್ನಷ್ಟೇ ಹಿಡಿದು ಹಾರಬಹುದು ಎಂದು ಮೊಮ್ಮಗಳು ಹೇಳಿಕೊಟ್ಟಳು. ಹಾಗೆ ಹಾರುತ್ತಾ ಹಾರುತ್ತಾ ಅಕ್ಕ ಅಪ್ಪೆಮಿಡಿಗೆ ಬಂದು ನಿಂತಳು. ಯಂತ್ರದ ಕನ್ನಡ ಕೇಳಿ “ಇವನು ಯಾವ ಊರಿನವನೋ, ಮೂಗಿನಲ್ಲಿ ಮಾತಾಡುತ್ತಾನೆ” ಎಂದು ನಕ್ಕಳು. ಕೆಳಬಾಣದ ಕೀಲಿ ಒತ್ತಿದಂತೆ ಒಂದೊಂದೇ ಹೆಜ್ಜೆ. ಮಿಡಿಯ ತೊಟ್ಟು ಮುರಿಯದಂತೆ ತೊಳೆಯುವುದು, ನೀರಿನ ಪಸೆ ಇರದಂತೆ ಒರೆಸುವುದು, ಭರಣಿಯಲ್ಲಿ ಮಿಡಿಯ ಮೇಲೆ ಉಪ್ಪು, ಉಪ್ಪಿನ ಮೇಲೆ ಮಿಡಿ. ಅಳತೆ ಬಂದಾಗ ಅದನ್ನು ಮೂರು ಸಲ ಓದಿಸಿದಳು.

ಆಮೇಲೆ ಫೋಟೋ ಬಂತು. ಯಂತ್ರ ಓದಿತು, “ಗ್ರಾಫಿಕ್, ದೊಡ್ಡಜ್ಜಿಯ ಕೈಬರಹದ ಪುಟ. ನೀಲಿ ಶಾಯಿ, ಈಗ ಬೂದು ಬಣ್ಣ. ಕೆಳಗಿನ ಬಲ ಮೂಲೆಯಲ್ಲಿ ದೊಡ್ಡಜ್ಜಿಯ ಅರಿಸಿನದ ಬೆರಳಚ್ಚು.”

ಅಕ್ಕ ಮತ್ತೊಮ್ಮೆ ಓದಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಅದು ನನ್ನದಲ್ಲ ಕಣೇ” ಎಂದಳು. “ಅಮ್ಮನದು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ತವರಿಗೆ ಹೋದಾಗ ಅವಳು ಹೇಳಿದ್ದನ್ನೇ ನಾನು ಬರೆದುಕೊಂಡದ್ದು. ಅರಿಸಿನ ಅರೆಯುತ್ತಿದ್ದವಳು ಎದ್ದು ಬಂದು, ಉಪ್ಪಿನ ಲೆಕ್ಕ ಎಲ್ಲಿ ಬರೆದೆ ತೋರಿಸು ಅಂತ ಬೆರಳಿಟ್ಟಿದ್ದಳು. ಆ ಕಲೆ ಇನ್ನೂ ಇದೆಯೇ?”

ಇದೆ ಎಂದೆ. ನಾನು ಆ ಡೈರಿಯನ್ನು ಅಷ್ಟು ತಿಂಗಳು ಎದುರಿಗಿಟ್ಟುಕೊಂಡು ಟೈಪ್ ಮಾಡಿದ್ದೆ, ಅಮ್ಮ ತೀರಿಕೊಂಡು ನಲವತ್ತು ವರ್ಷಗಳ ಮೇಲಾಯಿತು. ಮೊಮ್ಮಗಳು ಅಲ್ಲೇ ನೋಟ್‌ಪ್ಯಾಡ್ ತೆರೆದು ಆಲ್ಟ್‌ನಲ್ಲಿದ್ದ ‘ದೊಡ್ಡಜ್ಜಿಯ’ ಎಂಬುದನ್ನು ಅಳಿಸಿ ‘ಮುತ್ತಜ್ಜಿಯ’ ಎಂದು ಬರೆದಳು. ಅಕ್ಕ ಅದನ್ನೂ ಓದಿಸಿ ಕೇಳಿ, ಸರಿಯಾಯಿತು ಎಂದಳು.

ಏಪ್ರಿಲ್‌ನಲ್ಲಿ ಎರಡು ಭರಣಿ ಮಿಡಿ ಬಿದ್ದವು. ಒಂದು ನಮಗೆ ಬಂದಿದೆ. ಪುಟದಲ್ಲಿ ಈಗ 23 ಅಡುಗೆಗಳಿವೆ, ಡೈರಿಯಲ್ಲಿ ಇನ್ನೂ ನಲವತ್ತರ ಹತ್ತಿರ ಬಾಕಿ. ಕಳೆದ ವಾರ ಅಕ್ಕ ಫೋನ್ ಮಾಡಿ ಪತ್ರೊಡೆಯ ನಾಲ್ಕನೇ ಹೆಜ್ಜೆಗೂ ಐದನೇ ಹೆಜ್ಜೆಗೂ ನಡುವೆ ಒಂದು ಸೇರಿಸಬೇಕು, ಅಮ್ಮ ಹೇಳಿದ್ದು, ಆಗ ಬರೆದುಕೊಳ್ಳಲು ಬಿಟ್ಟುಹೋಗಿತ್ತು ಎಂದಳು. ಸಂಖ್ಯೆಗಳು ತಾವೇ ಸರಿಯುತ್ತವೆ ಎಂದು ಹೇಳಿದ್ದೇನೆ. ಮೊಮ್ಮಗಳ ಪರೀಕ್ಷೆ ಮುಗಿದ ಮೇಲೆ ಹೊರಡುತ್ತೇವೆ.